ವಾಚನಾಲಯದ ಕಂಪ್ಯೂಟರಿನಲ್ಲಿ ಡೇಟಾಬೇಸ್ ಸರ್ವರ್: ಯಾವುದು ಹಾಕುವುದು, ಹಾಕಿದ ಮೇಲೆ ಹೇಗೆ ನಡೆಸುವುದು?

ಓದುವ ಕೋಣೆ, ಬದಿಯಡ್ಕ
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಹಳೆಯ ಕನ್ನಡ ವಾಚನಾಲಯ ಉಂಟು. ಪುಸ್ತಕ ಆರೇಳು ಸಾವಿರದಷ್ಟು. ಮೊದಲಿನವರು ಕೈಯಲ್ಲಿ ಬರೆದಿಟ್ಟ ರಿಜಿಸ್ಟರ್ ಚಂದ ಉಂಟು, ಆಮೇಲೆ ಬಂದ ಕಂಪ್ಯೂಟರ್ ಪಟ್ಟಿಯದ್ದೇ ತಾಪತ್ರಯ. ಅರ್ಧ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಅರ್ಧ ಎಕ್ಸೆಲ್‌ನಲ್ಲಿ ಯುನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ. ಒಬ್ಬರು ಪೆನ್‌ಡ್ರೈವಿನಲ್ಲಿ ಮನೆಗೆ ಕೊಂಡುಹೋಗಿ ಸೇರಿಸ್ತಾರೆ, ಅದೇ ದಿನ ಇನ್ನೊಬ್ಬರು ಇಲ್ಲಿಯ ಕಾಪಿಯಲ್ಲಿ ತಿದ್ದುತ್ತಾರೆ. ಈಗ ಒಂದೇ ಪುಸ್ತಕಕ್ಕೆ ಎರಡು ನಂಬರ್, ಒಂದೇ ನಂಬರಿಗೆ ಎರಡು ಪುಸ್ತಕ.

ಮಳೆಗಾಲ ಹಿಡಿಯುವ ಮೊದಲು ಇದನ್ನೊಂದು ಹದಕ್ಕೆ ತರಬೇಕು. ವಾಚನಾಲಯದಲ್ಲಿ ಒಂದು ಡೆಸ್ಕ್‌ಟಾಪ್ ಉಂಟು, ವಿಂಡೋಸ್ 10, ರ‍್ಯಾಮ್ 8 ಜಿಬಿ. ಎಂಟ್ರಿ ಮಾಡುವ ಇಬ್ಬರು ತಮ್ಮ ಲ್ಯಾಪ್‌ಟಾಪ್ ತರ್ತಾರೆ, ವೈಫೈ ಉಂಟು. ಮೂವರೂ ಒಟ್ಟಿಗೆ ಒಂದೇ ಪಟ್ಟಿಗೆ ಸೇರಿಸುವ ಹಾಗೆ ಆಗಬೇಕು. ಡೇಟಾಬೇಸ್ ಸರ್ವರ್ ಹಾಕಿ ಅಂತ ಒಬ್ಬರು ಹೇಳಿದರು. ಮೈಎಸ್‌ಕ್ಯೂಎಲ್ಲಾ, ಪೋಸ್ಟ್‌ಗ್ರೆಸ್ಸಾ, ಬೇರೆ ಎಂತಾದರೂ ಉಂಟಾ? ಇಂಟರ್‌ನೆಟ್ಟಿಗೆ ಹಾಕುವುದು ಬೇಡ, ಕೋಣೆಯೊಳಗೆ ನಡೆದರೆ ಸಾಕು. ಹಾಕಿದ ಮೇಲೆ ದಿನಾ ಎಂತ ನೋಡಿಕೊಳ್ಳಬೇಕು ಅಂತಲೂ ಹೇಳಿ.

ಮುಳ್ಳೇರಿಯದ ಅಕ್ಕ
ಮೊದಲು ಒಂದು ಪ್ರಶ್ನೆ. ಸರ್ವರ್ ನಿಜವಾಗಿ ಬೇಕಾ? ಒಬ್ಬರೇ ಒಂದೇ ಕಂಪ್ಯೂಟರಿನಲ್ಲಿ ಕೂತು ಎಂಟ್ರಿ ಮಾಡುವುದಾದರೆ ಎಸ್‌ಕ್ಯೂಲೈಟ್ ಸಾಕು. ಇಡೀ ಡೇಟಾಬೇಸ್ ಒಂದೇ ಫೈಲು, ಇನ್‌ಸ್ಟಾಲ್ ಮಾಡುವ ತಲೆನೋವೇ ಇಲ್ಲ, ಪೋರ್ಟ್ (ನೆಟ್‌ವರ್ಕಿನಿಂದ ಸೇರುವ ಬಾಗಿಲಿನ ನಂಬರ್) ಇಲ್ಲ, ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಇಲ್ಲ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೆ ಈಗಲೇ ಹತ್ತಾರು ಎಸ್‌ಕ್ಯೂಲೈಟ್ ಫೈಲು ಉಂಟು, ವಾಟ್ಸ್ಆ್ಯಪ್ ಮೆಸೇಜು ಕೂತಿರುವುದೂ ಅದರಲ್ಲೇ. ನಾನು ಸಂಘದ ಸದಸ್ಯರ ಪಟ್ಟಿ, ವಂತಿಗೆ ಎಲ್ಲ ಅದರಲ್ಲೇ ಇಟ್ಟಿದ್ದೇನೆ. ಸಣ್ಣ ಕೆಲಸಕ್ಕೆ ದೊಡ್ಡ ಸಾಧನ ಹಾಕಿದರೆ ಆಮೇಲೆ ಅದನ್ನು ಸಾಕುವವರು ಬೇಕು.

ಪೆರ್ಲದವ
ಅಕ್ಕ ಹೇಳಿದ್ದು ಸರಿ. ಆದರೆ ಇಲ್ಲಿ ಮೂರು ಜನ, ಮೂರು ಕಂಪ್ಯೂಟರ್, ಒಂದೇ ಹೊತ್ತು. ಎಸ್‌ಕ್ಯೂಲೈಟ್ ಫೈಲನ್ನು ವಿಂಡೋಸಿನ ಶೇರ್ಡ್ ಫೋಲ್ಡರಿನಲ್ಲಿಟ್ಟು ಮೂವರೂ ತೆರೆದರೆ ಕಥೆ ಬೇರೆ. ನೆಟ್‌ವರ್ಕ್ ಡ್ರೈವಿನಲ್ಲಿ ಫೈಲ್ ಲಾಕಿಂಗ್ ನಂಬುವ ಹಾಗಿಲ್ಲ, ಡೇಟಾಬೇಸೇ ಕೆಡಬಹುದು. ಇದು ಎಸ್‌ಕ್ಯೂಲೈಟ್ ಮಾಡಿದವರೇ ತಮ್ಮ ದಾಖಲೆಯಲ್ಲಿ ಬರೆದ ಎಚ್ಚರಿಕೆ.

ಸರ್ವರ್ ಮಾಡುವ ಕೆಲಸವೇ ಅದು: ಫೈಲನ್ನು ಯಾರೂ ನೇರ ಮುಟ್ಟುವುದಿಲ್ಲ, ಎಲ್ಲರೂ ಸರ್ವರನ್ನು ಕೇಳ್ತಾರೆ, ಯಾರದ್ದು ಮೊದಲು ಯಾರದ್ದು ಆಮೇಲೆ ಅಂತ ಅದು ತೀರ್ಮಾನಿಸ್ತದೆ. ಒಂದೇ ದಾಖಲೆ ನಂಬರ್ ಎರಡು ಸಲ ಕೊಡಲು ಹೋದರೆ ಎರಡನೆಯದನ್ನು ನಿಲ್ಲಿಸ್ತದೆ. ಅವರ ಈಗಿನ ರಗಳೆಗೆ ಮದ್ದು ಇದೇ.

ನಾನು ಹೇಳುವುದು ಪೋಸ್ಟ್‌ಗ್ರೆಸ್. ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ 1986ರಲ್ಲಿ ಶುರುವಾದ ಯೋಜನೆ, 1996ರಿಂದ ಈಗಿನ ಹೆಸರಿನಲ್ಲಿ ಬರ್ತಾ ಉಂಟು. ಒಂದು ಕಂಪೆನಿಯ ಸೊತ್ತಲ್ಲ. 8 ಜಿಬಿ ಧಾರಾಳ ಸಾಕು, ಮೊದಲಿನ ಸೆಟ್ಟಿಂಗಿನಲ್ಲಿ ಅದು ಶೇರ್ಡ್ ಬಫರ್ (ಡೇಟಾ ಹಿಡಿದಿಡುವ ಜಾಗ) ಅಂತ ತೆಗೆದುಕೊಳ್ಳುವುದು ಬರೀ 128 ಎಂಬಿ. ಆರೇಳು ಸಾವಿರ ಸಾಲು ಅದಕ್ಕೆ ಲೆಕ್ಕವೇ ಅಲ್ಲ.

ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ. ನಡೆಸಿಕೊಂಡು ಹೋಗುವುದೇ ನಿಜವಾದ ಕೆಲಸ. ಕರೆಂಟು, ಬ್ಯಾಕಪ್, ಕನ್ನಡ ಅಕ್ಷರ, ಪಾಸ್‌ವರ್ಡ್: ಈ ನಾಲ್ಕಕ್ಕೆ ಯಾರು ಜವಾಬ್ದಾರಿ ಅಂತ ಮೊದಲೇ ಹೆಸರು ಹೇಳಿ ನಿಶ್ಚಯ ಮಾಡಿ.

ಅಡಿಕೆ ಲೆಕ್ಕ
ನಮ್ಮ ಅಂಗಡಿಯ ಅಡಿಕೆ ಖರೀದಿ ಲೆಕ್ಕ ಪೂರಾ ಮೈಎಸ್‌ಕ್ಯೂಎಲ್‌ನಲ್ಲಿ. ಹೊಸತು, ಹಳತು, ಪಟೋರ, ಕರಿಗೋಟು ಪ್ರತಿಯೊಂದರ ತೂಕ, ದರ, ಯಾರಿಂದ ಬಂತು, ಎಷ್ಟು ಕೊಟ್ಟದ್ದು, ಎಷ್ಟು ಬಾಕಿ, ಎಲ್ಲ. ವರ್ಷಗಳಿಂದ ನಡೀತಾ ಉಂಟು. ಕ್ಸಾಂಪ್ ಎಂಬ ಪ್ಯಾಕೇಜ್ ಹಾಕಿದರೆ ಸರ್ವರ್, ವೆಬ್ ಪುಟ ಬರೆಯುವ ಪಿಎಚ್‌ಪಿ, ನೋಡಲಿಕ್ಕೆ ಪಿಎಚ್‌ಪಿಮೈಅಡ್ಮಿನ್ ಎಲ್ಲ ಒಟ್ಟಿಗೆ ಬರ್ತದೆ. ಬ್ರೌಸರಿನಲ್ಲೇ ಎಂಟ್ರಿ ಫಾರಂ ಮಾಡಬಹುದು. ಪೋಸ್ಟ್‌ಗ್ರೆಸ್‌ಗೆ ಬೇಡ ಅಂತಲ್ಲ, ಆದರೆ ಸಿಕ್ಕಿ ಬಿದ್ದರೆ ಊರಿನಲ್ಲಿ ಕೇಳಲಿಕ್ಕೆ ಜನ ಸಿಗುವುದು ಮೈಎಸ್‌ಕ್ಯೂಎಲ್‌ಗೆ. ಅದೂ ಮುಖ್ಯ ಅಲ್ವಾ?

ಪೆರ್ಲದವ
ಖಂಡಿತ ಮುಖ್ಯ. ಮೈಎಸ್‌ಕ್ಯೂಎಲ್ ಗೊತ್ತಿದ್ದವರು ಪಕ್ಕದಲ್ಲಿದ್ದರೆ ಅದನ್ನೇ ಹಾಕಲಿ, ನನ್ನ ಅಡ್ಡಿ ಇಲ್ಲ. ಆದರೆ ಕ್ಸಾಂಪ್ ಬಗ್ಗೆ ಮೂರು ಮಾತು ಹೇಳಬೇಕು.

ಒಂದು, ಅದನ್ನು ಕಟ್ಟಿದ್ದು ಕಲಿಯುವವರಿಗಾಗಿ, ಪ್ರೋಗ್ರಾಂ ಬರೆದು ನೋಡುವವರಿಗಾಗಿ. ಹಾಕಿದ ಕೂಡಲೇ ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಗೆ ಪಾಸ್‌ವರ್ಡೇ ಇರುವುದಿಲ್ಲ. ಅಂಗಡಿ ಲೆಕ್ಕ ಇರುವ ಕಂಪ್ಯೂಟರಿನಲ್ಲಿ ಅದು ಹಾಗೇ ಉಳಿದರೆ ವೈಫೈ ಪಾಸ್‌ವರ್ಡ್ ಗೊತ್ತಿದ್ದ ಯಾರು ಬೇಕಾದರೂ ಒಳಗೆ ಬರುವ ದಾರಿ ತೆರೆಯಬಹುದು. ಇವತ್ತೇ ನೋಡಿ ಅಣ್ಣ.

ಎರಡು, ಕಂಟ್ರೋಲ್ ಪ್ಯಾನೆಲಿನಲ್ಲಿ ಮೈಎಸ್‌ಕ್ಯೂಎಲ್ ಅಂತ ಬರೆದಿದ್ದರೂ 2015ರಿಂದ ಒಳಗೆ ಇರುವುದು ಮಾರಿಯಾಡಿಬಿ. ಮೈಎಸ್‌ಕ್ಯೂಎಲ್ ಒರಾಕಲ್ ಕಂಪೆನಿಯ ಕೈಗೆ ಹೋಗುವ ಹೊತ್ತಿಗೆ ಅದರ ಮೂಲ ಕರ್ತೃವೇ 2009ರಲ್ಲಿ ಕವಲು ಒಡೆಸಿ ತೆಗೆದ ಸರ್ವರ್ ಅದು. ಒಳ್ಳೆಯದೇ, ಆದರೆ ಎರಡೂ ಈಗ ಬೇರೆಬೇರೆ ದಾರಿ ಹಿಡಿದಿವೆ. ಸಹಾಯ ಹುಡುಕುವಾಗ ಯಾವುದು ಅಂತ ಗೊತ್ತಿರಬೇಕು.

ಮೂರು, ಕರೆಂಟು ಹೋಗಿ ಬಂದ ಮೇಲೆ 'ಅನಿರೀಕ್ಷಿತವಾಗಿ ನಿಂತಿತು' ಅಂತ ಕೆಂಪು ಅಕ್ಷರ ಬರ್ತದಲ್ಲ, ಆಗ ಯೂಟ್ಯೂಬಿನಲ್ಲಿ ಸಿಗುವ ಸಲಹೆ ಡೇಟಾ ಫೋಲ್ಡರಿನ ಐಬಿಡೇಟಾ1 ಎಂಬ ಫೈಲನ್ನು ಅಳಿಸಿ ಅಂತ. ಯಾವ ಕಾರಣಕ್ಕೂ ಅಳಿಸಬೇಡಿ. ಟೇಬಲುಗಳ ಜಾತಕ ಇರುವುದು ಅದರೊಳಗೆ. ಅದು ಹೋದರೆ ಸರ್ವರ್ ಶುರುವಾಗ್ತದೆ, ಟೇಬಲಿನ ಹೆಸರೂ ಕಾಣ್ತದೆ, ತೆರೆಯಲು ಹೋದರೆ ಟೇಬಲ್ ಇಲ್ಲ ಅನ್ನುತ್ತದೆ. ಮೊದಲು ಇಡೀ ಡೇಟಾ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿ, ಆಮೇಲೆ ಎರರ್ ಲಾಗ್ ಓದಿ. ಎಷ್ಟೋ ಸಲ ಕಾರಣ ಇಷ್ಟೇ: 3306ನೇ ಪೋರ್ಟನ್ನು ಇನ್ನೊಂದು ಮೈಎಸ್‌ಕ್ಯೂಎಲ್ ಹಿಡಿದುಕೊಂಡಿರ್ತದೆ.

ಅಡಿಕೆ ಲೆಕ್ಕ
ರೂಟ್ ಪಾಸ್‌ವರ್ಡ್ ಈಗ ಹಾಕಿದೆ. ಉಪಕಾರ ಆಯ್ತು. ನಮ್ಮಲ್ಲಿ ಟೇಬಲುಗಳೆಲ್ಲ ಇನ್ನೋಡಿಬಿ ಎಂಬ ಬಗೆಯವು, ಹಾಗಾಗಿ ಕರೆಂಟು ಹೋದರೂ ಇಷ್ಟರವರೆಗೆ ಲೆಕ್ಕ ತಪ್ಪಲಿಲ್ಲ.

ಮಂಜೇಶ್ವರದ ಮಾಷ್ಟ್ರು
ಎರಡು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಡೆಸ್ಕ್‌ಟಾಪಿಗೆ ವಿಂಡೋಸ್ 11 ಹತ್ತದಿದ್ದರೆ ಲಿನಕ್ಸ್ ಹಾಕಬಹುದು. ನಮ್ಮ ಜಿಲ್ಲೆಯ ಮಕ್ಕಳಿಗೆ ಅದು ಹೊಸತಲ್ಲ, ಕೇರಳದ ಶಾಲೆಗಳಲ್ಲಿ ಕಲಿಯುವುದೇ ಉಬುಂಟು ಆಧಾರದ ವ್ಯವಸ್ಥೆಯಲ್ಲಿ, ಕನ್ನಡ ಮಾಧ್ಯಮದವರೂ ಸೇರಿ. ವಾಚನಾಲಯಕ್ಕೆ ಬರುವ ಹತ್ತನೇ ತರಗತಿಯ ಮಕ್ಕಳೇ ನಿಮಗೆ ಟರ್ಮಿನಲ್ ತೆರೆದು ತೋರಿಸಿಯಾರು.

ಇನ್ನೊಂದು, ಗ್ರಂಥಾಲಯಕ್ಕೇ ಅಂತ ಕೋಹಾ ಎಂಬ ಸಾಫ್ಟ್‌ವೇರ್ ಉಂಟು. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ ಬರೆದದ್ದು, 2000ದ ಜನವರಿಯಲ್ಲಿ ಅಲ್ಲಿ ಚಾಲೂ ಆಯಿತು, ಉಚಿತ. ಪುಸ್ತಕ ಕೊಡುವುದು, ವಾಪಸ್ ಪಡೆಯುವುದು, ಬಾರ್‌ಕೋಡ್ ಎಲ್ಲ ಉಂಟು. ಅಡಿಯಲ್ಲಿ ಇರುವುದು ಇದೇ ಮಾರಿಯಾಡಿಬಿ ಅಥವಾ ಮೈಎಸ್‌ಕ್ಯೂಎಲ್.

ಓದುವ ಕೋಣೆ, ಬದಿಯಡ್ಕ
ಮಾಷ್ಟ್ರೆ, ಕೋಹಾ ನೋಡಿದೆವು. ಚಂದ ಉಂಟು. ಆದರೆ ಮೊದಲು ಪಟ್ಟಿ ಶುದ್ಧವಾಗಬೇಕು, ಆಮೇಲೆ ಅದಕ್ಕೆ ಹೋಗುವ ಅಂತ ಸಮಿತಿಯವರ ಅಭಿಪ್ರಾಯ. ಈಗ ಪೋಸ್ಟ್‌ಗ್ರೆಸ್ ಹಾಕಿ ಆಯ್ತು. ಎಕ್ಸೆಲ್ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಮ್ ಬೇರ್ಪಡಿಸಿದ ಸಾದಾ ಫೈಲು) ಮಾಡಿ ಒಳಗೆ ಹಾಕಿದರೆ ಹೆಸರಿನ ಕಾಲಮಿನಲ್ಲಿ ಪೂರಾ ಪ್ರಶ್ನಾರ್ಥಕ ಚಿಹ್ನೆ. ಪುಸ್ತಕದಲ್ಲಿ ಅಚ್ಚಾದ ಐಎಸ್‌ಬಿಎನ್ ನಂಬರ್ ಕೂಡ 9.78 ಅಂತ ಬಂದು ಮುಂದಿನ ಅಂಕೆ ಮಾಯ. ಕಮಾಂಡ್ ಬರೆಯುವ ಕಪ್ಪು ಕಿಟಕಿಯಲ್ಲಿ 'ಕನ್ಸೋಲ್ ಕೋಡ್ ಪೇಜ್ 437, ವಿಂಡೋಸ್ ಕೋಡ್ ಪೇಜ್ 1252' ಅಂತ ಎಚ್ಚರಿಕೆಯೂ ಬಂತು. ಎಲ್ಲಿ ಹಿಡಿಯುವುದು?

ಪೆರ್ಲದವ
ಗಾಬರಿ ಬೇಡ, ಸರ್ವರಿನದ್ದಲ್ಲ ಇದು.

ಕನ್ನಡದ ಪ್ರತಿಯೊಂದು ಯುನಿಕೋಡ್ ಅಕ್ಷರ ಯುಟಿಎಫ್-8 ಎಂಬ ಬರೆದಿಡುವ ಕ್ರಮದಲ್ಲಿ ಮೂರು ಬೈಟ್. 'ಕ' ಮೂರು, 'ಕಾ' ಆರು, 'ಕ್ಷ' ಒಂಬತ್ತು. ಈ ಮೂರು ಬೈಟನ್ನು ಯಾರಾದರೂ ಮಧ್ಯದಲ್ಲಿ ಇಂಗ್ಲಿಷ್ ಅಕ್ಷರ ಅಂತ ತಿಳಿದುಕೊಂಡರೆ ಎರಡು ಬಗೆಯ ಹಾನಿ ಆಗ್ತದೆ, ಎರಡನ್ನೂ ಗುರುತು ಹಿಡಿಯಲು ಕಲಿಯಬೇಕು. ಪರದೆಯಲ್ಲಿ ತಲೆಮೇಲೆ ಓರೆಗೀಟು ಇರುವ ಇಂಗ್ಲಿಷಿನ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಬರೆದ ಪುಟ್ಟ 2 ಅಥವಾ 3, ಹೀಗೇ ಸಾಲುಗಟ್ಟಿ ಬಂದರೆ ಬೈಟುಗಳು ಹಾಗೇ ಉಂಟು, ಓದುವವ ತಪ್ಪು ಓದ್ತಾ ಇದ್ದಾನೆ, ಸರಿಪಡಿಸಬಹುದು. ಪ್ರಶ್ನಾರ್ಥಕ ಚಿಹ್ನೆ ಬಂದರೆ ಅಕ್ಷರ ಹೋಯಿತು, ಆ ಫೈಲಿನಿಂದ ಅದನ್ನು ವಾಪಸ್ ತರಲು ಯಾರಿಂದಲೂ ಆಗುವುದಿಲ್ಲ. ಮೂಲ ಎಕ್ಸೆಲ್‌ಗೇ ಹೋಗಬೇಕು.

ನಿಮ್ಮದು ಎರಡನೆಯದು. ಎಕ್ಸೆಲ್‌ನಲ್ಲಿ 'ಸೇವ್ ಆ್ಯಸ್' ಹೋದಾಗ ಬರೀ ಸಿಎಸ್‌ವಿ ಅಂತ ಒಂದು, ಸಿಎಸ್‌ವಿ ಯುಟಿಎಫ್-8 ಅಂತ ಇನ್ನೊಂದು ಕಾಣ್ತದೆ. ಎರಡನೆಯದನ್ನೇ ಆರಿಸಿ. ಐಎಸ್‌ಬಿಎನ್ ಕಾಲಮನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿ, ಡೇಟಾಬೇಸಿನಲ್ಲೂ ಟೆಕ್ಸ್ಟೇ ಇರಲಿ. ಹತ್ತಂಕೆಯ ಹಳೆ ಐಎಸ್‌ಬಿಎನ್ ಕೊನೆಗೆ ಎಕ್ಸ್ ಅಕ್ಷರ ಬರುವುದುಂಟು, ಮೊದಲಿಗೆ ಸೊನ್ನೆಯೂ ಬರ್ತದೆ. ನಂಬರ್ ಅಂತ ಇಟ್ಟರೆ ಎರಡೂ ಕೆಡ್ತದೆ.

ಕಪ್ಪು ಕಿಟಕಿಯನ್ನು ಕನ್ನಡಕ್ಕೆ ನಂಬಬೇಡಿ. ಒಳಗೆ ಸರಿಯಾಗಿದ್ದರೂ ಅಲ್ಲಿ ಒತ್ತಕ್ಷರ ಒಡೆದು ಕಾಣ್ತದೆ. ಪೋಸ್ಟ್‌ಗ್ರೆಸ್ ನೋಡಲಿಕ್ಕೆ ಇರುವ ಪಿಜಿಅಡ್ಮಿನ್ ಪ್ರೋಗ್ರಾಮಿನಲ್ಲಿ ತೆರೆದು ನೋಡಿ.

ಎಂಟ್ರಿಗೆ ಫಾರಂ ಬೇಕಲ್ಲ, ಲಿಬ್ರೆ ಆಫೀಸ್ ಬೇಸ್ ಸಾಕು, ಪೋಸ್ಟ್‌ಗ್ರೆಸ್‌ಗೆ ನೇರ ಸೇರುವ ವ್ಯವಸ್ಥೆ ಅದರೊಳಗೇ ಉಂಟು. ಆದರೆ ಟೇಬಲಿಗೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಮ್) ಇಲ್ಲದಿದ್ದರೆ ಅದು ನೋಡಲು ಬಿಡ್ತದೆ, ತಿದ್ದಲು ಬಿಡುವುದಿಲ್ಲ. ಮೈಕ್ರೋಸಾಫ್ಟ್ ಆ್ಯಕ್ಸೆಸ್ ಬಳಸುವುದಾದರೆ ಓಡಿಬಿಸಿ (ಡೇಟಾಬೇಸಿಗೆ ಸೇರಿಸುವ ಡ್ರೈವರುಗಳ) ಪಟ್ಟಿಯಲ್ಲಿ ಪೋಸ್ಟ್‌ಗ್ರೆಸ್ ಹೆಸರಿನಲ್ಲಿ ಎರಡು ಡ್ರೈವರ್ ಕಾಣ್ತದೆ, ಒಂದು ಆ್ಯನ್ಸಿ, ಒಂದು ಯುನಿಕೋಡ್. ಯುನಿಕೋಡ್ ಎಂಬುದನ್ನೇ ಹಾಕಿ, ಇಲ್ಲದಿದ್ದರೆ ಮತ್ತೆ ಪ್ರಶ್ನಾರ್ಥಕ.

ತಾಳೆಗರಿ
ಇದಕ್ಕೆ ಸೇರಿಸಬೇಕಾದ ಒಂದು ವಿಷಯ. ಮೈಎಸ್‌ಕ್ಯೂಎಲ್ ಬಳಸುವವರು ಯುಟಿಎಫ್8 ಎಂಬ ಹಳೆಯ ಆಯ್ಕೆಯನ್ನು ಇಟ್ಟುಕೊಳ್ಳಬೇಡಿ. ಅದು ಒಂದು ಅಕ್ಷರಕ್ಕೆ ಮೂರು ಬೈಟ್ ಮಾತ್ರ ಕೊಡುವ ಅರೆಬರೆ ರೂಪ. ಪೂರ್ಣ ರೂಪದ ಹೆಸರು ಯುಟಿಎಫ್8ಎಂಬಿ4. 8.0ರಿಂದ ಹೊಸ ಡೇಟಾಬೇಸಿಗೆ ತಾನಾಗಿ ಅದೇ ಬರ್ತದೆ, ಹಳೆಯದರಿಂದ ತಂದ ಟೇಬಲಿಗೆ ನಾವೇ ಬದಲಿಸಬೇಕು.

ಕನ್ನಡಕ್ಕೂ ಮಲಯಾಳಕ್ಕೂ ಮೂರು ಬೈಟ್ ಸಾಕಲ್ಲ, ಯಾಕೆ ಬೇಕು ಅಂತ ಕೇಳಿಯಾರು. ನಮ್ಮ ಕಡೆಯ ಮನೆಗಳಲ್ಲಿ ತಾಳೆಗರಿ ಓದಿ ಪಟ್ಟಿ ಮಾಡುವ ನನ್ನಂಥವರಿಗೆ ಬೇಕು. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ಕ್ಕೆ ಸೇರಿತು. ಅದಕ್ಕೆ ಸಿಕ್ಕಿದ ಜಾಗ ಯುನಿಕೋಡಿನ ಮೇಲಿನ ಕ್ರಮಾಂಕಗಳಲ್ಲಿ, ಪ್ರತಿ ಅಕ್ಷರಕ್ಕೆ ನಾಲ್ಕು ಬೈಟ್. ಇಷ್ಟು ಕಾಲ ಕಾದು ಸಿಕ್ಕಿದ ಅಕ್ಷರಗಳು ಒಂದು ಹಳೆಯ ಸೆಟ್ಟಿಂಗಿನಿಂದಾಗಿ ಒಳಗೆ ಹೋಗದೆ ಉಳಿಯಬಾರದು. ಪೋಸ್ಟ್‌ಗ್ರೆಸ್‌ನ ಯುಟಿಎಫ್8ಕ್ಕೆ ಈ ತೊಂದರೆ ಇಲ್ಲ, ಅದು ನಾಲ್ಕು ಬೈಟ್ ತೆಗೆದುಕೊಳ್ತದೆ.

ಟೇಬಲ್ ಮಾಡುವಾಗ ಊರಿನ ಹೆಸರಿನ ಬಗ್ಗೆಯೂ ಈಗಲೇ ಯೋಚಿಸಿ. 1956ಕ್ಕಿಂತ ಮೊದಲಿನ ಪುಸ್ತಕದಲ್ಲಿ ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಕಣ್ಣೂರು ಜಿಲ್ಲೆ. 1984ರ ಮೇ ತಿಂಗಳಿನಿಂದ ಕಾಸರಗೋಡು ಜಿಲ್ಲೆ. ಪುಸ್ತಕದಲ್ಲಿ ಅಚ್ಚಾದ ವಿಳಾಸ ಒಂದು ಕಾಲಮ್, ಇದ್ದ ಹಾಗೇ, ಒಂದಕ್ಷರ ತಿದ್ದದೆ. ಹುಡುಕುವುದಕ್ಕೆ ಬೇರೆ ಊರುಗಳ ಟೇಬಲ್, ಅದರಲ್ಲಿ ಮಂಜೇಶ್ವರ, ಹೊಸದುರ್ಗ ಅಂತ ಕನ್ನಡ ಹೆಸರು, ಪಕ್ಕದ ಕಾಲಮುಗಳಲ್ಲಿ ಮಲಯಾಳ, ಇಂಗ್ಲಿಷ್. ಸರಕಾರಿ ಕಾಗದಕ್ಕೆ ಬೇಕಾದದ್ದು ಅಲ್ಲಿಂದ ಬರಲಿ, ನಮ್ಮ ಹೆಸರು ನಮ್ಮ ಕಾಲಮಿನಲ್ಲಿ ಭದ್ರ ಇರಲಿ.

ಮುಳ್ಳೇರಿಯದ ಅಕ್ಕ
ನುಡಿಯಲ್ಲಿರುವ ಅರ್ಧದ್ದು? ಅದು ಯುನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ ಫಾಂಟ್. ಹಾಗೇ ಹಾಕಿದರೆ ಫಾಂಟ್ ತೆಗೆದ ಕೂಡಲೇ ಕಸ. ಪರಿವರ್ತಕ ಬಳಸಿ ಯುನಿಕೋಡಿಗೆ ತರಬೇಕು, ತಂದ ಮೇಲೆ ಕಣ್ಣಿನಿಂದ ಓದಬೇಕು. ಅರ್ಕಾವೊತ್ತು ಮತ್ತು ಒತ್ತಕ್ಷರದ ಮೇಲಿನ ದೀರ್ಘ, ಈ ಎರಡು ಕಡೆ ನನಗೆ ಹೆಚ್ಚು ತಪ್ಪು ಸಿಕ್ಕಿದೆ. ಮಲಯಾಳ ಅಥವಾ ಇಂಗ್ಲಿಷ್ ಪದ ಮಧ್ಯದಲ್ಲಿ ಇದ್ದರೆ ಅದನ್ನೂ ಕನ್ನಡ ಅಂತ ತಿಳಿದು ತಿರುಗಿಸಿ ಬಿಡ್ತದೆ. ಆ ಸಾಲುಗಳನ್ನು ಮೊದಲೇ ಪ್ರತ್ಯೇಕಿಸಿ.

ಪೆರ್ಲದವ
ಹೌದಕ್ಕ. ಅದರ ಮೇಲೆ ಇನ್ನೊಂದು, ಕಣ್ಣಿಗೆ ಕಾಣದ್ದು. ನೀರ್ಚಾಲು ಅಂತ ಅರ್ಕಾವೊತ್ತು ಬರುವ ಹಾಗೆ ಒಬ್ಬರು ಟೈಪ್ ಮಾಡ್ತಾರೆ, ನೀರ್‌ಚಾಲು ಅಂತ ಬಿಡಿಸಿ ಇನ್ನೊಬ್ಬರು. ಎರಡನೆಯದರ ಮಧ್ಯದಲ್ಲಿ ಅಗಲವಿಲ್ಲದ ಒಂದು ಅಕ್ಷರ ಕೂತಿರ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ, ಡೇಟಾಬೇಸಿಗೆ ಅವು ಎರಡು ಬೇರೆ ಊರು. ಹಾಗೆಯೇ 'ಕೊ' ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎರಡು ತುಂಡು ಸೇರಿಸಿಯೂ ಬರೆಯಬಹುದು. ಪರದೆಯಲ್ಲಿ ವ್ಯತ್ಯಾಸವೇ ಇಲ್ಲ, ಒಳಗೆ ಉಂಟು.

ಮದ್ದು ಸುಲಭ. ಟೈಪ್ ಮಾಡಿದ್ದನ್ನು ಹಾಗೇ ಒಂದು ಕಾಲಮಿನಲ್ಲಿ ಇಡಿ. ಪಕ್ಕದಲ್ಲಿ ತಾನಾಗಿ ತುಂಬುವ ಇನ್ನೊಂದು ಕಾಲಮ್ ಮಾಡಿ, ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ ಜನರೇಟೆಡ್ ಕಾಲಮ್ ಅನ್ನುತ್ತಾರೆ, 12ನೇ ಆವೃತ್ತಿಯಿಂದ ಉಂಟು. ಅಲ್ಲಿ 8204 ಮತ್ತು 8205ನೇ ಕ್ರಮಾಂಕದ ಅಕ್ಷರಗಳನ್ನು ತೆಗೆದು, ಉಳಿದದ್ದನ್ನು ನಾರ್ಮಲೈಸ್ ಫಂಕ್ಷನ್ನಿನಿಂದ ಒಂದೇ ರೂಪಕ್ಕೆ ತನ್ನಿ. ಈ ಫಂಕ್ಷನ್ 13ರಿಂದ ಉಂಟು. ಹುಡುಕಾಟ ಪೂರಾ ಈ ಎರಡನೇ ಕಾಲಮಿನಲ್ಲಿ. ಹುಡುಕಲು ಕೊಟ್ಟ ಪದವನ್ನೂ ಅದೇ ಜಾಲರಿಯಲ್ಲಿ ಸೋಸಬೇಕು, ಅದು ಮರೆತರೆ ಪ್ರಯೋಜನ ಇಲ್ಲ.

ದಾಖಲೆ ನಂಬರನ್ನು ಪ್ರೈಮರಿ ಕೀ ಮಾಡಬೇಡಿ. ಈಗಲೇ ಎರಡೆರಡು ಉಂಟಲ್ಲ. ಸರ್ವರೇ ಕೊಡುವ ಒಂದು ಕ್ರಮಸಂಖ್ಯೆ ಕೀ ಆಗಿರಲಿ. ಪುಸ್ತಕ ಕೈಯಲ್ಲಿ ಹಿಡಿದು ರಿಜಿಸ್ಟರಿಗೆ ತಾಳೆ ನೋಡಿ ಎಲ್ಲ ಸರಿಯಾದ ಮೇಲೆ ದಾಖಲೆ ನಂಬರಿಗೆ ಯುನೀಕ್ (ಎರಡು ಸಲ ಬರಬಾರದು ಎಂಬ) ನಿಯಮ ಹಾಕಿ.

ಓದುವ ಕೋಣೆ, ಬದಿಯಡ್ಕ
ಪಟ್ಟಿ ಒಳಗೆ ಬಂತು, ಕನ್ನಡ ಲಾಯಿಕಾಗಿ ಕಾಣ್ತದೆ! ಸಮಿತಿಯ ಹಿರಿಯರಿಗೆ ಹಳೆಯ ಯಕ್ಷಗಾನ ಪ್ರಸಂಗದ ಪುಸ್ತಕ ಹುಡುಕಿ ತೋರಿಸಿದೆವು, ತುಂಬ ಖುಷಿಪಟ್ಟರು. ಈಗ ಲ್ಯಾಪ್‌ಟಾಪಿನಿಂದ ಸೇರಲು ಹೋದರೆ ಕನೆಕ್ಷನ್ ಸಿಗ್ತಾ ಇಲ್ಲ. ಡೆಸ್ಕ್‌ಟಾಪಿನಲ್ಲಿ ಸರಿ ಉಂಟು.

ಪೆರ್ಲದವ
ಮೂರು ಬಾಗಿಲು ಉಂಟು, ಮೂರೂ ತೆರೆದಿರಬೇಕು.

ಮೊದಲನೆಯದು ಪೋಸ್ಟ್‌ಗ್ರೆಸ್‌ನ ಮುಖ್ಯ ಕಾನ್ಫಿಗ್ ಫೈಲಿನ 'ಲಿಸನ್ ಅಡ್ರೆಸಸ್'. ಅದು ಲೋಕಲ್‌ಹೋಸ್ಟ್ ಅಂತ ಮಾತ್ರ ಇದ್ದರೆ ಹೊರಗಿನ ಮಾತು ಕೇಳುವುದೇ ಇಲ್ಲ. ಬದಲಿಸಿದರೆ ಸರ್ವಿಸ್ ರೀಸ್ಟಾರ್ಟ್ ಮಾಡಬೇಕು. ಎರಡನೆಯದು ಪಿಜಿ ಎಚ್‌ಬಿಎ ಫೈಲು, ಯಾರು, ಎಲ್ಲಿಂದ, ಯಾವ ಡೇಟಾಬೇಸಿಗೆ ಬರಬಹುದು ಅಂತ ಅಲ್ಲಿ ಸಾಲು ಸಾಲಾಗಿ ಬರೆದಿರ್ತದೆ. ನಿಮ್ಮ ರೂಟರ್ 192.168.1 ಅಂತ ಶುರುವಾಗುವ ವಿಳಾಸ ಕೊಡುವುದಾದರೆ 192.168.1.0/24 ಎಂಬ ಒಂದು ಸಾಲು ಸೇರಿಸಿ, ಕೊನೆಯಲ್ಲಿ ಪಾಸ್‌ವರ್ಡ್ ಕೇಳುವ ಸ್ಕ್ರ್ಯಾಮ್-ಶಾ-256 ಅಂತ ಇರಲಿ. ಅಲ್ಲಿ 'ಟ್ರಸ್ಟ್' ಅಂತ ಹಾಕಲು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಪಾಸ್‌ವರ್ಡ್ ಇಲ್ಲದೆ ಒಳಗೆ ಬಿಡುವುದು. ಮೂರನೆಯದು ವಿಂಡೋಸ್ ಫೈರ್‌ವಾಲ್, 5432ನೇ ಪೋರ್ಟಿಗೆ ಪ್ರೈವೇಟ್ ನೆಟ್‌ವರ್ಕಿನಲ್ಲಿ ಮಾತ್ರ ಅನುಮತಿ.

ಎಂಟ್ರಿ ಮಾಡುವ ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಹೆಸರು ಮಾಡಿ. ಪೋಸ್ಟ್‌ಗ್ರೆಸ್ ಎಂಬ ಮೂಲ ಹೆಸರಿನಲ್ಲಿ ದಿನದ ಕೆಲಸ ಬೇಡ, ಅದಕ್ಕೆ ಎಲ್ಲವನ್ನೂ ಅಳಿಸುವ ಅಧಿಕಾರ ಉಂಟು.

ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಮನೆಯಿಂದಲೂ ಎಂಟ್ರಿ ಮಾಡುವ ಆಲೋಚನೆ ಬಂದರೆ ಅಲ್ಲೇ ನಿಲ್ಲಿಸಿ. 2017ರ ಜನವರಿಯಲ್ಲಿ ಇಂಟರ್‌ನೆಟ್ಟಿಗೆ ತೆರೆದಿಟ್ಟ ಸಾವಿರಾರು ಮೊಂಗೊಡಿಬಿ ಡೇಟಾಬೇಸುಗಳನ್ನು ಅಳಿಸಿ, ಹಣ ಕೊಟ್ಟರೆ ವಾಪಸ್ ಅಂತ ಚೀಟಿ ಬಿಟ್ಟು ಹೋಗಿದ್ದರು. ಹುಡುಕುವುದು ಮನುಷ್ಯರಲ್ಲ, ಪ್ರೋಗ್ರಾಂ. ಅದಕ್ಕೆ ಬದಿಯಡ್ಕವೂ ಒಂದೇ, ಬೆಂಗಳೂರೂ ಒಂದೇ. ಸದಸ್ಯರ ಫೋನ್ ನಂಬರ್, ವಿಳಾಸ ಇರುವ ಟೇಬಲಿಗೆ ಇನ್ನೂ ಹೆಚ್ಚು ಜಾಗ್ರತೆ. ಆಧಾರ್ ನಂಬರ್ ಬೇಡವೇ ಬೇಡ.

ಕುಂಬಳೆ ಹಾರ್ಡ್‌ವೇರ್
ರೂಟರ್ ಆಫ್ ಆಗಿ ಆನ್ ಆದರೆ ಡೆಸ್ಕ್‌ಟಾಪಿನ ವಿಳಾಸ ಬದಲಾಗ್ತದೆ, ಮರುದಿನ ಮತ್ತೆ 'ಸಿಗ್ತಾ ಇಲ್ಲ' ಅಂತ ಬರ್ತೀರಿ. ರೂಟರಿನಲ್ಲಿ ಆ ಕಂಪ್ಯೂಟರಿಗೆ ಒಂದೇ ವಿಳಾಸ ಮೀಸಲಿಡಿ. ಸ್ಲೀಪ್ ಪೂರಾ ಆಫ್ ಮಾಡಿ.

ಇನ್ನು ಕರೆಂಟಿನ ಮಾತು. ನಮ್ಮ ಕಡೆ ಜೂನ್ ಜುಲೈಯಲ್ಲಿ ಮರ ಬಿದ್ದು ಲೈನ್ ಹೋಗುವುದು ಒಂದು ಬಗೆ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಾಯಂಕಾಲದ ಸಿಡಿಲು ಇನ್ನೊಂದು ಬಗೆ. ಅಂಗಡಿಗೆ ರಿಪೇರಿಗೆ ಬರುವ ಕಂಪ್ಯೂಟರುಗಳಲ್ಲಿ ಸಿಡಿಲಿನದ್ದು ಬಂದರೆ ಎಷ್ಟೋ ಸಲ ಕರೆಂಟ್ ವಯರಿನಿಂದ ಅಲ್ಲ, ರೂಟರಿನ ಕೇಬಲಿನಿಂದ ಒಳಗೆ ಬಂದದ್ದು. ಪ್ಲಗ್ ತೆಗೆದವರು ಲ್ಯಾನ್ ಕೇಬಲ್ ತೆಗೆದಿರುವುದಿಲ್ಲ. ಗುಡುಗು ಕೇಳಿದ ಕೂಡಲೇ ಎರಡೂ ತೆಗೆಯಬೇಕು.

ಇನ್ವರ್ಟರ್ ಉಂಟು ಅಂತ ಸಮಾಧಾನ ಪಡಬೇಡಿ. ಮನೆಯ ಸಾದಾ ಇನ್ವರ್ಟರ್ ಲೈನ್ ಬದಲಿಸುವ ಆ ಕ್ಷಣದಲ್ಲಿ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುವುದುಂಟು. ಸಣ್ಣ ಯುಪಿಎಸ್ ಬೇಕು, ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಅಷ್ಟು ಹಣ ಇಲ್ಲದಿದ್ದರೆ ಬ್ಯಾಟರಿ ಗಟ್ಟಿ ಇರುವ ಒಂದು ಹಳೆ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿ. ಮುಚ್ಚಳ ಹಾಕಿದರೂ ಮಲಗದ ಹಾಗೆ ಪವರ್ ಸೆಟ್ಟಿಂಗ್ ಬದಲಿಸಿದರೆ ಆಯ್ತು.

ಮುಳ್ಳೇರಿಯದ ಅಕ್ಕ
ಕರೆಂಟು ಹಠಾತ್ ಹೋದರೆ ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾ ಹೋಗ್ತದಾ?

ಪೆರ್ಲದವ
ಸೇವ್ ಆಗಿದೆ ಅಂತ ಸರ್ವರ್ ಒಮ್ಮೆ ಹೇಳಿದ್ದು ಹೋಗಬಾರದು, ಹಾಗೆಯೇ ಕಟ್ಟಿದ್ದಾರೆ. ಟೇಬಲಿನಲ್ಲಿ ಬರೆಯುವ ಮೊದಲು ಅದು ವಾಲ್ ಎಂಬ ದಿನಚರಿಯಲ್ಲಿ ಬರೆದು, ಡಿಸ್ಕಿಗೆ ಮುಟ್ಟಿದ್ದು ಖಾತ್ರಿಯಾದ ಮೇಲೆಯೇ 'ಆಯ್ತು' ಅನ್ನುತ್ತದೆ. ಕರೆಂಟು ಬಂದ ಮೇಲೆ ಕೊನೆಯ ಚೆಕ್‌ಪಾಯಿಂಟಿನಿಂದ ಆ ದಿನಚರಿಯನ್ನು ಮತ್ತೆ ಓದಿ ಟೇಬಲ್ ಸರಿಮಾಡ್ತದೆ. ಇನ್ನೋಡಿಬಿಯೂ ಇದೇ ಕ್ರಮ. ಹಳೆಯ ಮೈಐಸ್ಯಾಮ್ ಟೇಬಲಿಗೆ ಈ ರಕ್ಷಣೆ ಇಲ್ಲ. ಫಾರಂನಲ್ಲಿ ಅರ್ಧ ತುಂಬಿ ಸೇವ್ ಒತ್ತದ್ದು ಮಾತ್ರ ಹೋಗ್ತದೆ.

ಎರಡು ಕಡೆ ಕೈ ಹಾಕಬೇಡಿ. ವೇಗ ಹೆಚ್ಚಲು ಎಫ್‌ಸಿಂಕ್ (ಡಿಸ್ಕಿಗೆ ಮುಟ್ಟಿದ್ದು ಖಾತ್ರಿ ಮಾಡುವ ಸೆಟ್ಟಿಂಗ್) ಆಫ್ ಮಾಡಿ ಎಂಬ ಸಲಹೆ ಸಿಗ್ತದೆ. ಮಾಡಿದರೆ ಮೇಲೆ ಹೇಳಿದ ಖಾತ್ರಿ ಪೂರಾ ಹೋಯಿತು. ಇನ್ನೊಂದು, ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ಪಾಲಿಸೀಸ್ ಪುಟದಲ್ಲಿ ರೈಟ್-ಕ್ಯಾಶ್ ಬಫರ್ ಫ್ಲಶಿಂಗ್ ಆಫ್ ಮಾಡುವ ಒಂದು ಚೌಕ ಉಂಟು, ಅದರಲ್ಲಿ ಟಿಕ್ ಇರಬಾರದು. ಡೇಟಾ ಫೋಲ್ಡರನ್ನು ವನ್‌ಡ್ರೈವ್‌ನಂಥ ಸಿಂಕ್ ಆಗುವ ಜಾಗದಲ್ಲಿ ಇಡಬೇಡಿ.

ಅಡಿಕೆ ಲೆಕ್ಕ
ಬ್ಯಾಕಪ್ ಬಗ್ಗೆ ನಾನು ಹೇಳ್ತೇನೆ. ಪರಿಚಯದ ಒಂದು ಕಡೆ ದಿನಾ ರಾತ್ರಿ ಬ್ಯಾಕಪ್ ಆಗ್ತಾ ಇತ್ತು, ಫೈಲೂ ಬೆಳೀತಾ ಇತ್ತು. ಹಾರ್ಡ್‌ಡಿಸ್ಕ್ ಹೋದ ದಿನ ತೆರೆದು ನೋಡಿದರೆ ಕನ್ನಡ ಒಂದಕ್ಷರ ಸರಿ ಇಲ್ಲ, ಹೆಸರೆಲ್ಲ ಕಸ. ಕಾರಣ ಇಷ್ಟೇ: ವಿಂಡೋಸಿನ ಪವರ್‌ಶೆಲ್‌ನಲ್ಲಿ ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್ ಕೊಟ್ಟು, ಬಾಣದ ಗುರುತು ಹಾಕಿ ಫೈಲಿಗೆ ತಿರುಗಿಸಿದ್ದರು. ವಿಂಡೋಸ್ ಜೊತೆ ಬರುವ ಪವರ್‌ಶೆಲ್ ಹಾಗೆ ತಿರುಗಿಸುವಾಗ ಅಕ್ಷರಗಳನ್ನು ತನ್ನ ಕೋಡ್ ಪೇಜಿನಲ್ಲಿ ಓದಿ ಯುಟಿಎಫ್-16ಕ್ಕೆ ಬರೀತದೆ. ಇಂಗ್ಲಿಷ್ ಮಾತ್ರ ಇದ್ದರೆ ಬಿಡಿಸಿಕೊಳ್ಳಬಹುದಿತ್ತು, ಕನ್ನಡ ಹೋಯಿತು. ಬಾಣ ಬಳಸಬೇಡಿ, ಡಂಪ್ ಪ್ರೋಗ್ರಾಮಿಗೇ ಫೈಲಿನ ಹೆಸರು ಕೊಡುವ ಆಯ್ಕೆ ಉಂಟು: ಮೈಎಸ್‌ಕ್ಯೂಎಲ್‌ಡಂಪ್‌ನಲ್ಲಿ ರಿಸಲ್ಟ್-ಫೈಲ್, ಪೋಸ್ಟ್‌ಗ್ರೆಸ್‌ನ ಪಿಜಿಡಂಪ್‌ನಲ್ಲಿ ಫೈಲ್.

ಪೆರ್ಲದವ
ಅಣ್ಣ ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ಸರ್ವರ್ ಓಡ್ತಾ ಇರುವಾಗ ಡೇಟಾ ಫೋಲ್ಡರನ್ನು ಹಾಗೇ ಕಾಪಿ ಮಾಡುವುದು ಬ್ಯಾಕಪ್ ಅಲ್ಲ ಎಂಬುದನ್ನೂ ಸೇರಿಸ್ತೇನೆ. ಪಿಜಿಡಂಪ್‌ನ ಕಸ್ಟಮ್ ರೂಪದಲ್ಲಿ ತೆಗೆದು, ಟಾಸ್ಕ್ ಶೆಡ್ಯೂಲರಿನಲ್ಲಿ ವಾಚನಾಲಯ ತೆರೆದಿರುವ ಹೊತ್ತಿಗೇ ಇಡಿ. ರಾತ್ರಿ ಎರಡು ಗಂಟೆಗೆ ಇಟ್ಟರೆ ಕಂಪ್ಯೂಟರ್ ಆಫ್ ಇರ್ತದೆ. ಒಂದು ಕಾಪಿ ಪೆನ್‌ಡ್ರೈವಿನಲ್ಲಿ ಬೇರೆ ಮನೆಗೆ ಹೋಗಲಿ, ಒಂದು ಇಂಟರ್‌ನೆಟ್ಟಿನ ಡ್ರೈವ್‌ಗೆ. ತಿಂಗಳಿಗೊಮ್ಮೆ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಹೊಸ ಡೇಟಾಬೇಸ್ ಮಾಡಿ ಅದನ್ನು ರಿಸ್ಟೋರ್ ಮಾಡಿ, ಒಟ್ಟು ಸಾಲು ಎಣಿಸಿ, ಒಂದು ಕನ್ನಡ ಶೀರ್ಷಿಕೆ ಹುಡುಕಿ ಓದಿ. ಓದಲು ಬಂದರೆ ಬ್ಯಾಕಪ್ ಉಂಟು ಅಂತ ಅರ್ಥ.

ಓದುವ ಕೋಣೆ, ಬದಿಯಡ್ಕ
ಎಲ್ಲ ಮಾಡಿ ಆಯ್ತು. ಮೂವರೂ ಒಟ್ಟಿಗೆ ಎಂಟ್ರಿ ಶುರು ಮಾಡಿದ್ದೇವೆ. ಬ್ಯಾಕಪ್ಪಿನ ಜವಾಬ್ದಾರಿ ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ ತೆಗೆದುಕೊಂಡಿದ್ದಾಳೆ, ರಿಸ್ಟೋರ್ ಕೂಡ ಅವಳೇ ಮಾಡಿ ತೋರಿಸಿದಳು. ಕೊನೆಯದಾಗಿ ಎರಡು ಕೇಳಲಿಕ್ಕುಂಟು. ಅಕಾರಾದಿ ಮಾಡಿದರೆ 'ಬಳಗ' ಮೊದಲು, 'ಬಸವ', 'ಬಹುಮಾನ' ಆಮೇಲೆ ಬರ್ತದೆ. ಹಿರಿಯರು ಒಪ್ಪುತ್ತಾ ಇಲ್ಲ, ವರ್ಣಮಾಲೆಯಲ್ಲಿ ಳ ಕೊನೆಗಲ್ವಾ ಅಂತ. ಇನ್ನೊಂದು, ಹೊಸ ಆವೃತ್ತಿ ಬಂದಾಗ ಎಂತ ಮಾಡುವುದು?

ಪೆರ್ಲದವ
ಹಿರಿಯರು ಹೇಳುವುದೇ ಸರಿ. ಯುನಿಕೋಡ್ ಪಟ್ಟಿಯಲ್ಲಿ ಳ ಕೂತಿರುವುದು ಲ ಮತ್ತು ವ ಮಧ್ಯದಲ್ಲಿ, ಬರೀ ಬೈಟ್ ಲೆಕ್ಕದಲ್ಲಿ ಜೋಡಿಸಿದರೆ ಹಾಗೆ ಬರ್ತದೆ. ಪೋಸ್ಟ್‌ಗ್ರೆಸ್ ಜೊತೆ ಐಸಿಯು ಎಂಬ ಭಾಷಾ ಕೋಶ ಬರ್ತದೆ, ಅದರಲ್ಲಿ ಕನ್ನಡದ ಕೊಲೇಶನ್ (ಅಕಾರಾದಿ ಜೋಡಿಸುವ ನಿಯಮ) ಉಂಟು. ಪಿಜಿಅಡ್ಮಿನ್‌ನ ಕೊಲೇಶನ್ ಪಟ್ಟಿಯಲ್ಲಿ ಕೆಎನ್ ಅಂತ ಶುರುವಾಗಿ ಐಸಿಯು ಅಂತ ಮುಗಿಯುವುದನ್ನು ಹುಡುಕಿ, ಶೀರ್ಷಿಕೆಯನ್ನು ಅದರಿಂದ ಜೋಡಿಸಿ. ಇದೇ ಮೂರು ಪದ ಕೊಟ್ಟು ನೋಡಿ, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.

ಆವೃತ್ತಿ: ಚುಕ್ಕಿಯ ನಂತರದ ಸಂಖ್ಯೆ ಮಾತ್ರ ಬದಲಾದರೆ, ಅಂದರೆ 17.2ರಿಂದ 17.3, ಅದು ದೋಷ ತಿದ್ದಿದ್ದು, ಬ್ಯಾಕಪ್ ತೆಗೆದು ಮೇಲಿಂದಲೇ ಇನ್‌ಸ್ಟಾಲ್ ಮಾಡಿ. ತಡ ಮಾಡಬೇಡಿ. ಮೊದಲಿನ ಸಂಖ್ಯೆ ವರ್ಷಕ್ಕೊಮ್ಮೆ ಬದಲಾಗ್ತದೆ, ಹಳೆಯ ಡೇಟಾ ಫೋಲ್ಡರ್ ಹೊಸದಕ್ಕೆ ನೇರ ಹಿಡಿಸುವುದಿಲ್ಲ. ಪ್ರತಿಯೊಂದಕ್ಕೂ ಐದು ವರ್ಷ ಬೆಂಬಲ ಉಂಟು, ಹಾಗಾಗಿ ಪ್ರತಿ ವರ್ಷ ಓಡಬೇಕಾಗಿಲ್ಲ. ಬದಲಿಸುವ ದಿನ ಹೊಸದನ್ನು ಹಳೆಯದರ ಪಕ್ಕದಲ್ಲಿ ಹಾಕಿ, ಆಗ ಅದು 5433ನೇ ಪೋರ್ಟ್ ಕೇಳ್ತದೆ. ಡಂಪನ್ನು ಹೊಸದರಲ್ಲಿ ರಿಸ್ಟೋರ್ ಮಾಡಿ, ಎಲ್ಲ ಸರಿ ಕಂಡ ಮೇಲೆ ಹಳೆಯದನ್ನು ನಿಲ್ಲಿಸಿ. ಬಳಕೆದಾರರ ಹೆಸರು, ಪಾಸ್‌ವರ್ಡ್ ಪಿಜಿಡಂಪ್‌ನಲ್ಲಿ ಬರುವುದಿಲ್ಲ, ಅದಕ್ಕೆ ಪಿಜಿಡಂಪ್‌ಆಲ್‌ನಿಂದ ಗ್ಲೋಬಲ್ಸ್ ಮಾತ್ರ ತೆಗೆಯುವ ಆಯ್ಕೆ ಬೇಕು. ಆ ಹುಡುಗಿಗೆ ಇದನ್ನೂ ಹೇಳಿ, ದಿನದ ಬ್ಯಾಕಪ್ಪಿನ ಜೊತೆಗೇ ಸೇರಿಸಿಬಿಡಲಿ.